ನೀರುನುಸಿ ಎಲ್ಲಿ ಸಿಕ್ಕಿತು?

ತೊಂಬತ್ತರ ದಶಕದ ಕೊನೆಯಲ್ಲಿ ಪ್ರಾಣಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ಸಾಸಿವೆಗಿಂತ ಚಿಕ್ಕದಾದ ಕೆಂಪು ನೀರುನುಸಿಯೊಂದು ನನಗೆ ಸಿಕ್ಕಿತು. ಅದರ ಹೊಟ್ಟೆಯಡಿಯ ಫಲಕಗಳ ಜೋಡಣೆ ಯಾವ ಪುಸ್ತಕದ ಚಿತ್ರಕ್ಕೂ ಹೊಂದಲಿಲ್ಲ. ಹೊಸ ಪ್ರಭೇದವೆಂದು ನನ್ನ ಗೈಡ್ ಆಗಿದ್ದ ಮೇಷ್ಟ್ರೂ ಒಪ್ಪಿದರು. ವಿಜ್ಞಾನ ಪತ್ರಿಕೆಗೆ ಕಳಿಸಬೇಕಾದ ಲೇಖನಕ್ಕೆ ವಿವರಣೆ ಬರೆದೆ, ಚಿತ್ರ ಬಿಡಿಸಿದೆ. ಸಿಕ್ಕಿದ ಸ್ಥಳವನ್ನು ತುಂಬುವುದಷ್ಟೇ ಬಾಕಿ.

ಸ್ಥಳ ಬರೆದ ಚೀಟಿ ನುಸಿಯ ಸೀಸೆಯೊಳಗೇ ಇತ್ತು. ತೆಗೆದರೆ ಬರೀ ಬಿಳಿ ಕಾಗದ.

"ಯಾವುದ್ರಲ್ಲಿ ಬರೆದ್ರಿ?" ಎಂದರು ಮೇಷ್ಟ್ರು.

"ಬಾಲ್‌ಪೆನ್, ಸರ್."

"ಸ್ಪಿರಿಟ್‌ನಲ್ಲಿ ಇಂಕ್ ಉಳಿಯುತ್ತೇನಮ್ಮ? ಪೆನ್ಸಿಲ್ ಅಂತ ಒಂದಿದೆ, ಒಂದನೇ ಕ್ಲಾಸಲ್ಲೇ ಕೊಡ್ತಾರೆ."

ನುಸಿ ಸಿಕ್ಕಿದ ದಿನ ಎರಡು ಕಡೆ ನೀರು ಸೋಸಿದ್ದೆ: ಮಾವಳ್ಳಿ ಕಡೆಯಿಂದ ಹೋಗಿ ಲಾಲ್‌ಬಾಗ್ ಕೆರೆಯಲ್ಲಿ, ಆಮೇಲೆ ಬಸವನಗುಡಿಯ ಮನೆಯೊಂದರ ಬಾವಿಯಲ್ಲಿ. ದಿನಚರಿಯಲ್ಲಿ ಎರಡೂ ಇದ್ದವು, ನುಸಿಯ ಸುದ್ದಿ ಇರಲಿಲ್ಲ.

"ಬಾವಿ, ಸರ್" ಎಂದೆ. ಒಗೆಯುವ ಕಲ್ಲಿನ ಸೋಪಿನ ವಾಸನೆ, ಬಲೆಯ ತಳದಲ್ಲಿ ಹರಿದಾಡಿದ ಕೆಂಪು ಚುಕ್ಕೆ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು.

"ಖಂಡಿತಾನಾ? ತಪ್ಪಾದ್ರೆ ಮುಂದೆ ಹುಡುಕೋರೆಲ್ಲ ಆ ಬಾವೀನೇ ಇಣುಕ್ತಾರೆ."

ಅಷ್ಟು ಕೇಳಿದ್ದೇ ಸಾಕಾಯಿತು, ನಾನು ನಿಜವಾಗಿ ನೋಡಿದ್ದೆನೋ ಆಮೇಲೆ ಮನಸ್ಸಿನಲ್ಲೇ ಕಟ್ಟಿಕೊಂಡೆನೋ ತಿಳಿಯದಾಯಿತು.

ಮರುದಿನ ಆ ಮನೆಗೆ ಓಡಿದೆ. ಬೋರ್‌ವೆಲ್ ಹಾಕಿಸಿದ್ದರಿಂದ ಬಾವಿ ಮುಚ್ಚಿಸುತ್ತಿದ್ದರು. ಮಣ್ಣಿನ ರಾಶಿಯ ಪಕ್ಕ ಇಬ್ಬರು ಆಳುಗಳು ಸಲಿಕೆ ಹಿಡಿದು ನಿಂತಿದ್ದರು.

"ಒಂದು ಗಂಟೆ ತಡೀರಿ ಆಂಟಿ, ಒಂದು ಹುಳ ಹುಡುಕಬೇಕು" ಎಂದು ಬೇಡಿದೆ.

"ಹುಳಾನಾ? ನಮ್ಮ ಅಡುಗೆಮನೇಲಿ ಜಿರಲೆ ಬೇಕಾದಷ್ಟಿವೆ, ಹಿಡ್ಕೊಂಡು ಹೋಗಮ್ಮ" ಎಂದು ನಕ್ಕ ಮನೆಯೊಡತಿ, ಆಳುಗಳಿಗೆ ಕಾಫಿ ತರಲು ಒಳಗೆ ಹೋದರು.

ಹದಿನೇಳು ಸಲ ಬಲೆ ಇಳಿಸಿದೆ. ಸೊಳ್ಳೆಮರಿಗಳು ಬಂದವು, ಕೊಳೆತ ಎಲೆ ಬಂತು. ಕೆಂಪು ಚುಕ್ಕೆ ಒಂದೂ ಇಲ್ಲ.

"ಬೇಗ ಆಗ್ಲಿ ಮೇಡಂ, ಬಿಸ್ಲು ಏರ್ತಿದೆ" ಎಂದ ಒಬ್ಬ. ಬಲೆ ಎತ್ತಿಕೊಂಡೆ. ಮಣ್ಣು ನೀರಿಗೆ ಬಿದ್ದ ಸದ್ದು ಕೇಳಿತು. ಸಿಗಲಿಲ್ಲವೆಂದರೆ ಅಲ್ಲಿರಲಿಲ್ಲ ಎಂದೇನೂ ಅಲ್ಲ. ನನಗೆ ಭಯ ಹುಟ್ಟಿಸಿದ್ದು ಬೇರೆ: ಇನ್ನು ನಾನು ಬಾವಿಯೆಂದು ಬರೆದರೆ, ಅದು ಸುಳ್ಳೆಂದು ತೋರಿಸಲು ಯಾರಿಂದಲೂ ಆಗುವುದಿಲ್ಲ.

ಲೇಖನವನ್ನು ಮೇಷ್ಟ್ರ ಮೇಜಿನ ಮೇಲಿಟ್ಟು, "ಕಳಿಸೋದು ಬೇಡ ಸರ್, ನಂಗೊತ್ತಿಲ್ಲ" ಎಂದೆ.

ಮಳೆಗಾಲ ಕಳೆದ ಮೇಲೆ ಲಾಲ್‌ಬಾಗ್ ಕೆರೆಯ ಜೊಂಡಿನಲ್ಲಿ ಅದೇ ನುಸಿ ಎರಡು ಸಿಕ್ಕವು. ಪ್ರಭೇದದ ಹೆಸರಿಗೆ ಆಧಾರವಾಗುವ ಮಾದರಿಯಾಗಿ ಅವುಗಳಲ್ಲೊಂದನ್ನು ಆರಿಸಿದೆವು. ಲೇಖನದಲ್ಲಿ, ಸೀಸೆಯಲ್ಲಿದ್ದ ಆ ಮೊದಲ ನುಸಿಯ ಮುಂದೆ ‘ಸ್ಥಳ ತಿಳಿದಿಲ್ಲ’ ಎಂದು ಬರೆದೆ. ಮೇಷ್ಟ್ರು ಆ ಸಾಲನ್ನು ಹೊಡೆದುಹಾಕಲಿಲ್ಲ.