ಹೊಸ್ತಿಲಿಗೆ ಸುರಿದ ನೀರು

ಬಡಗಿ ಆಚಾರ್ರ ಬಲಗೈ ಹೆಬ್ಬೆರಳಿನ ಉಗುರು ದಪ್ಪಗೆ ಬೆಳೆದು, ಕಂದು ಬಣ್ಣಕ್ಕೆ ತಿರುಗಿ, ನಡುವೆ ಒಂದು ಸೀಳು ಬಿಟ್ಟುಕೊಂಡಿತ್ತು. ಮರದ ಯೋಗ್ಯತೆಯನ್ನು ಅವರು ನೋಡುತ್ತಿದ್ದುದು ಆ ಉಗುರಿನಿಂದ. ನಮ್ಮ ಜಗಲಿಯ ನಾಲ್ಕು ಕಂಬ, ಬೀದಿ ಬಾಗಿಲು, ಎರಡು ಕಿಟಕಿ, ಇಷ್ಟನ್ನೂ ಬುಡದಿಂದ ಒತ್ತುತ್ತಾ ಹೋಗುವುದಕ್ಕೇ ಅವರಿಗೆ ಅರ್ಧ ದಿನ ಬೇಕು. ಉಗುರು ಜಾರಿದರೆ ಮರ ಗಟ್ಟಿ. ಒಳಗಿಳಿದರೆ ಒಂದು ನಿಟ್ಟುಸಿರು ಬಿಟ್ಟು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅಲ್ಲಿ ಗುಂಡಗೆ ಗೆರೆ ಎಳೆಯುತ್ತಿದ್ದರು. ಹಾಗೆ ಗೆರೆ ಬಿದ್ದ ಕಂಬ ನೋಡಿದರೆ ನನಗೆ ಶಾಲೆಯಿಂದ ತಂದು ತಿದ್ದಬೇಕಾಗಿದ್ದ ಕಾಪಿ ಪುಸ್ತಕಗಳು ನೆನಪಾಗಿ ಇನ್ನಷ್ಟು ಸುಸ್ತಾಗುತ್ತಿತ್ತು.

ನಾನು ಮಾಗಡಿಯ ಆ ಮನೆಗೆ ಸೊಸೆಯಾಗಿ ಬಂದಾಗ ಬೀದಿಯಲ್ಲಿ ಯಾರ ಮನೆಯಲ್ಲೂ ಟೀವಿ ಇರಲಿಲ್ಲ, ಎಲ್ಲರ ಮನೆಗೂ ಮರದ ಕಂಬಗಳಿದ್ದವು. ಯುಗಾದಿ ಕಳೆದು ಮೊದಲ ಮಳೆ ಬೀಳುವುದರೊಳಗೆ ಆಚಾರ್ರು ಒಂದೊಂದೇ ಮನೆ ಮುಗಿಸಿಕೊಂಡು ಬರುತ್ತಿದ್ದರು. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ ಪದರವನ್ನು ಒಡೆದ ಗಾಜಿನ ಚೂರಿನಿಂದ ಕೆರೆಯುವುದು, ಬಿರುಕಿಗೆ ಮರದ ಪುಡಿ ಕಲಸಿದ ಅರಗು ತುಂಬುವುದು, ಆಮೇಲೆ ನಮ್ಮ ಬಚ್ಚಲ ಒಲೆಯಲ್ಲಿ ಬೆಚ್ಚಗೆ ಮಾಡಿದ ಅಗಸೆ ಎಣ್ಣೆಯನ್ನು ಹಳೇ ಪಂಚೆಯ ತುಂಡಿನಲ್ಲಿ ಅದ್ದಿ ತಿಕ್ಕುವುದು. ಬುಡಕ್ಕೆ ಮಾತ್ರ ಮೂರು ಸಲ. "ಮರ ಕುಡಿಯಾದು ಬುಡದಾಗೆ ಕಣವ್ವ. ಎಣ್ಣೆ ಕುಡುಸ್ಬುಟ್ರೆ ನೀರು ಬ್ಯಾಡ ಅಂತದೆ" ಅನ್ನುತ್ತಿದ್ದರು.

ಕೆಲಸ ಮುಗಿಯಿತೇ ಎಂದು ಕೇಳಿದರೆ ಅವರು ಎಂದೂ ಹೂಂ ಅಂದವರಲ್ಲ. "ಈ ವರ್ಸಕ್ಕೆ ಆಯ್ತು" ಅನ್ನುವರು. ನನಗೆ ಆ ಮಾತು ಕೇಳಿದರೆ ರೇಗುತ್ತಿತ್ತು. ಅಡಿಗೆ, ಪಾತ್ರೆ, ಪಾಠ, ಯಾವುದೂ ಮುಗಿಯದ ಬದುಕಿನಲ್ಲಿ ಇದೊಂದಾದರೂ ಮುಗಿಯಬಾರದೇ ಅನ್ನಿಸುತ್ತಿತ್ತು. ಅವರಿಗೂ ಸಾಕಾಗಿತ್ತು, ಸುಳ್ಳು ಹೇಳಬಾರದು. ಮಂಡಿ ಹಿಡಿದುಕೊಂಡು "ಉಸ್ಸಪ್ಪಾ" ಎಂದು ಏಳುವರು. ಮಂಡಿನೋವು ಹೇಗಿದೆ ಎಂದರೆ, "ಕಂಬಕ್ಕಾದ್ರೆ ನಾನಿವ್ನಿ. ನನ್ ಮಂಡಿಗೆ ಎಣ್ಣೆ ಹಚ್ಚಾಕೆ ಯಾರವ್ರೆ?" ಎಂದು ಎರಡನೇ ಲೋಟ ಕಾಫಿಗೆ ಕೈ ಚಾಚುವರು.

ಒಂದು ವರ್ಷ ಅವರ ಉಗುರು ಬೀದಿ ಬಾಗಿಲಿನ ಚೌಕಟ್ಟಿನ ಬುಡದಲ್ಲಿ ಇಳಿಯಿತು. ಎರಡು ಕಡೆಯೂ ಗೇಣುದ್ದ ಕೊಳೆತಿತ್ತು. ಆಚಾರ್ರು ಕೊಳೆತದ್ದನ್ನು ಕತ್ತರಿಸಿ ತೆಗೆದು, ಹೊಸ ತೇಗದ ತುಂಡನ್ನು ಹಳೆಯದಕ್ಕೆ ಹಲ್ಲು ಕೂಡಿಸಿ ನಿಲ್ಲಿಸಿದರು. ಬೆಸುಗೆಯ ಗೆರೆ ಎಲ್ಲಿದೆ ಎಂದು ನಾನು ಕನ್ನಡಕ ಹಾಕಿಕೊಂಡು ಹುಡುಕಬೇಕಾಯಿತು. ಹೊರಡುವಾಗ ನನ್ನನ್ನು ಕರೆದು ಹೇಳಿದರು: "ಟೀಚರಮ್ಮ, ಹೊಸ್ತಿಲಿಗೆ ನೀರು ಸುರೀಬ್ಯಾಡಿ. ಒದ್ದೆ ಬಟ್ಟೇಲಿ ಒರೆಸಿ, ಆಮ್ಯಾಕೆ ಒಣ ಬಟ್ಟೇಲಿ ಒಂದ್ಸಲ. ಅರಿಶಿನ ಕುಂಕುಮ ಅದರ ಮ್ಯಾಲೆ ಇಡಿ. ದ್ಯಾವ್ರೇನೂ ಕ್ವಾಪ ಮಾಡ್ಕಳಾಕಿಲ್ಲ."

ಹೊಸ್ತಿಲು ತೊಳೆಯುವುದು ಸೊಸೆಯ ಕೆಲಸ. ನನಗೋ ರಾಮನಗರ ರಸ್ತೆಯ ಹಳ್ಳಿ ಶಾಲೆಗೆ ಎಂಟು ಗಂಟೆಯ ಬಸ್ಸು. ತಪ್ಪಿದರೆ ಇನ್ನೊಂದು ಹತ್ತಕ್ಕೆ. ಒಂದು ವಾರ ಅವರು ಹೇಳಿದಂತೆ ಒರೆಸಿದೆ. ಆಮೇಲೆ ಒಂದು ಬಿಂದಿಗೆ ನೀರು ರಪ್ಪೆಂದು ಸುರಿದು, ಅದರ ಮೇಲೇ ಅರಿಶಿನ ಬಳಿದು, ಚೀಲ ಹಿಡಿದು ಓಡಿದೆ. ದಿನಾ ಓಡಿದೆ. ನೀರು ಹೊಸ್ತಿಲ ಕಲ್ಲಿನ ಮೇಲೆ, ಚೌಕಟ್ಟಿನ ಬುಡದಲ್ಲಿ ಮಧ್ಯಾಹ್ನದವರೆಗೆ ನಿಂತಿರುತ್ತಿತ್ತು. ಮುಂದಿನ ಯುಗಾದಿಗಳಲ್ಲಿ ಒತ್ತಿದಾಗ ಆಚಾರ್ರ ಉಗುರು ಹೊರಗೆ ಜಾರುತ್ತಲೇ ಇತ್ತು, ಮರ ಕೊಳೆಯುತ್ತಿದ್ದುದು ಒಳಗಿನಿಂದ.

ಮೂರನೇ ವರ್ಷ ಗೌರಿ ಹಬ್ಬದ ಹಿಂದಿನ ದಿನ ಬಾಗಿಲು ಹಾಕಲು ಹೋದರೆ ಕದ ವಾಲಿತು. ಹೊಸ ತುಂಡು ನೆನೆದ ರಸ್ಕಿನಂತೆ ಉದುರುತ್ತಿತ್ತು. ಅತ್ತೆ ಆಚಾರ್ರಿಗೆ ಹೇಳಿ ಕಳಿಸಿದರು. ಅವರು ಬಂದು ಕೂತು ಉಗುರು ಒತ್ತುತ್ತಿರುವಾಗಲೇ ಅತ್ತೆ ಜಗಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಶುರು ಮಾಡಿದರು: "ಏನ್ ಮರ ಹಾಕಿದ್ರಿ ಆಚಾರ್ರೇ? ನಮ್ಮ ಮಾವನ ಕಾಲದ್ದು ಅಷ್ಟು ವರ್ಸ ಬಂತು. ನಿಮ್ದು ಮೂರು ವರ್ಸಕ್ಕೇ ಹೋಯ್ತಲ್ಲ! ನಂಬ್ಕಂಡಿದ್ದಕ್ಕೆ ಹಿಂಗಾ ಮಾಡಾದು?" ಎದುರು ಮನೆಯವರು, ಪಕ್ಕದ ಮನೆಯವರು ಬಂದು ನಿಂತರು. ಅವರೆಲ್ಲರ ಮನೆಗೂ ಇದೇ ಆಚಾರ್ರೇ ಬರುತ್ತಿದ್ದವರು.

ಆಚಾರ್ರು ಕಲ್ಲಿನ ಮೇಲೆ ನಿಂತ ನೀರಿನ ಬಿಳಿ ಗೆರೆಯನ್ನು ಹೆಬ್ಬೆರಳಿನಿಂದ ಸವರಿದರು. ತಲೆಯೆತ್ತಿ ನನ್ನನ್ನು ನೋಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ದಿನಗಳಲ್ಲಿ ಅತ್ತೆ ಊಟಕ್ಕೊಂದು ಸಲ ಹೇಳುತ್ತಿದ್ದರು, ಹೊಸ್ತಿಲು ನೋಡಿಕೊಳ್ಳುವುದಕ್ಕೂ ಪುರುಸೊತ್ತಿಲ್ಲದ ನೌಕರಿ ಬಿಟ್ಟುಬಿಡಲಿ ಎಂದು. ನನ್ನ ಗಂಡ ಅರ್ಧ ಒಪ್ಪಿಯೂ ಆಗಿತ್ತು. ನಾನು ಬಾಯಿ ಬಿಟ್ಟರೆ ನೌಕರಿ ಹೋಗುತ್ತದೆ. ಬಿಡದಿದ್ದರೆ ಆಚಾರ್ರ ಹೆಸರು ಹೋಗುತ್ತದೆ. ಅದು ನನಗೆ ಆ ಕ್ಷಣದಲ್ಲೇ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

"ಹೂಂ ಅಮ್ಮೋರೆ, ಮರ ಸರಿಯಾಗಿ ಒಣಗಿರ್ನಿಲ್ಲ ಅಂತ ಕಾಣ್ತದೆ. ನಂದೇ ತೆಪ್ಪು" ಅಂದರು ಆಚಾರ್ರು.

ಎರಡು ದಿನ ಕೂತು ಮತ್ತೆ ತುಂಡು ಕೂಡಿಸಿಕೊಟ್ಟರು. ಈ ಸಲ ಹೊಸ್ತಿಲ ಕಲ್ಲನ್ನೇ ಸ್ವಲ್ಪ ಇಳಿಜಾರು ಮಾಡಿ, ನೀರು ಸುರಿದರೂ ಬೀದಿಗೆ ಹರಿದುಹೋಗುವ ಹಾಗೆ ಕಡಿದರು. ಕಾಫಿಯನ್ನು ಒಂದೇ ಲೋಟ ಕುಡಿದರು. ಮುಂದಿನ ಯುಗಾದಿಗೆ ಅವರು ನಮ್ಮ ಬೀದಿಗೆ ಬರಲಿಲ್ಲ, ಯಾರೂ ಕರೆಯಲೂ ಇಲ್ಲ. ಅತ್ತೆ ಪೇಂಟರ್ ಒಬ್ಬನನ್ನು ಕರೆಸಿ ಎಲ್ಲಕ್ಕೂ ಹಸಿರು ಬಣ್ಣ ಹೊಡೆಸಿದರು.

ಅತ್ತೆ ಇರುವವರೆಗೆ ನಿಜ ಹೇಳಲು ನನಗೆ ಧೈರ್ಯ ಬರಲಿಲ್ಲ. ಅವರು ಹೋದ ಮೇಲೆ, ಇನ್ನು ಹೇಳಿ ಏನಾಗಬೇಕು ಅನ್ನುವ ಸೋಮಾರಿತನ. ನೌಕರಿ ಉಳಿಯಿತು, ಪೂರ್ತಿ ಮಾಡಿ ನಿವೃತ್ತಿಯೂ ಆಯಿತು. ಅದಾಗಿ ಎರಡು ವರ್ಷಕ್ಕೆ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಆಚಾರ್ರ ಮಗಳು ಸಿಕ್ಕಳು. ಅಪ್ಪ ಸಾತನೂರಿನಲ್ಲಿ ತನ್ನ ಮನೆಯಲ್ಲೇ ಇದ್ದಾರೆ, ಹಾಸಿಗೆ ಹಿಡಿದಿದ್ದಾರೆ ಅಂದಳು. ಮರುದಿನವೇ ಮೂರು ಬಸ್ಸು ಬದಲಾಯಿಸಿಕೊಂಡು ಹೋದೆ.

ರೇಷ್ಮೆ ಹುಳುವಿನ ತಟ್ಟೆಗಳಿಟ್ಟ ನಡುಮನೆಯ ಮೂಲೆಯಲ್ಲಿ ಅವರು ಮಲಗಿದ್ದರು. ಗುರುತು ಹಿಡಿದರು. ನಾನು ಕೂತವಳೇ, ಆ ಬಾಗಿಲು ಕೆಟ್ಟಿದ್ದು ನನ್ನಿಂದ ಎಂದೆ.

"ಗೊತ್ತು ಕಣವ್ವ. ಕಲ್ಲಿನ ಮ್ಯಾಲೆ ನೀರಿನ ಗೆರೆ ಇತ್ತಲ್ಲ."

"ಮತ್ತೆ ಯಾಕೆ ನಿಮ್ಮ ಮೇಲೆ ಹಾಕಿಕೊಂಡಿರಿ?"

"ನಿಮ್ಮತ್ತೆ ಅನ್ನಾದು ನನ್ ಕಿವಿಗೂ ಬಿದ್ದಿತ್ತು. ಅವತ್ತು ನಾನು ಹೇಳಿದ್ರೆ ನಿಮ್ಮನ್ನ ಇಸ್ಕೂಲು ಬಿಡುಸ್ಬುಡೋರು. ಇವತ್ತಲ್ಲ ನಾಳೆ ನೀವೇ ಹೇಳ್ತೀರಿ ಅಂದ್ಕಂಡಿದ್ದೆ. ಒಂದ್ ಬೀದಿ ಕೆಲ್ಸ ಹೋಯ್ತು. ಆಮ್ಯಾಕೆ ಪಕ್ಕದ ಬೀದೀನೂ ಹೋಯ್ತು."

"ನನ್ನ ಮೇಲೆ ಕೋಪ ಇದೆಯಾ ಆಚಾರ್ರೇ?"

"ಇತ್ತು ಕಣವ್ವ. ಭಾಳ ಇತ್ತು. ಈಗ ಕ್ವಾಪ ಮಾಡ್ಕಳಾಕೂ ಸುಸ್ತು." ಗೋಡೆಯ ಕಡೆ ಹೊರಳಿದವರು ಮತ್ತೆ ಈ ಕಡೆ ತಿರುಗಿ, "ಈಗ್ಲಾದ್ರೂ ಹೇಳ್ಬುಡಿ. ಆಚಾರಿ ಕೆಲ್ಸ ಕೆಟ್ಟದ್ದಲ್ಲ ಅಂತ ಹೇಳ್ಬುಡಿ" ಅಂದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನು ಕೇಳುವ ಹಾಗೂ ಇರಲಿಲ್ಲ.

ತಿಂಗಳೊಳಗೆ ಅವರು ತೀರಿಕೊಂಡರು. ತಿಥಿ ಊಟ ಮಾಡಿ ಬಂದ ಮರುದಿನ ನಾನು ನಮ್ಮ ಬೀದಿಯ ಮನೆ ಮನೆಗೆ ಹೋದೆ. ಎದುರು ಮನೆಯನ್ನು ಒಡೆದು ಆರ್‌ಸಿಸಿ ಕಟ್ಟಿದ್ದರು, ಪಕ್ಕದ್ದರಲ್ಲಿ ಬಾಡಿಗೆಯವರಿದ್ದರು. ಹೇಳಿದ್ದನ್ನು ಕೇಳಿಸಿಕೊಂಡು, "ಯಾವ ಆಚಾರ್ರು?" ಎಂದರು. ಮೂರು ಮನೆಯಲ್ಲಿ ಹಾಗೇ ಆಯಿತು. ನಾಲ್ಕನೇ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಮನೆಯ ಸೊಸೆ ಹೊರಗೆ ಬಂದಳು. ಆಚಾರ್ರು ಹೇಗಿದ್ದರು, ಯುಗಾದಿ ಕಳೆದ ಮೇಲೆ ಹೇಗೆ ಬರುತ್ತಿದ್ದರು ಎಂದೆಲ್ಲ ವಿವರಿಸಿದೆ. ಅವಳ ಮುಖ ಅರಳಿತು.

"ಓ, ಅವ್ರಾ! ನಮ್ಮತ್ತೆ ಹೇಳೋರು. ಅವರ ಕೆಲ್ಸ ಮೂರು ವರ್ಷವೂ ಬಾಳಿಕೆ ಬರ್ತಿರಲಿಲ್ಲವಂತೆ."

"ಅಲ್ಲ ಕಣಮ್ಮ," ಅಂದೆ, "ಬಾಳಿಕೆ ಬರದ ಹಾಗೆ ಮಾಡಿದ್ದು ನಾನು. ದಿನಾ ನೀರು ಸುರಿದವಳು ನಾನು. ಅವರು ತೀರಿಹೋದರು, ಈಗಲಾದರೂ ಹೇಳಬೇಕು ಅಂತ ಬಂದೆ."

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನೀವು ಒಳ್ಳೇವ್ರು ಟೀಚರೇ. ಸತ್ತೋರ ಮೇಲೆ ಯಾರು ತಾನೆ ತಪ್ಪು ಹೊರಿಸ್ತಾರೆ?" ಎಂದು ಹೇಳಿ, ನನಗೆ ಕಾಫಿ ತರಲು ಒಳಗೆ ಹೋದಳು.