ಮಗುವಿನ ತೂಕ ಕೇಳುತ್ತ ಐದು ಊರು

ಹೊಸಪೇಟೆಯಿಂದ ಬೆಳಗಿನ ಏಳರ ಬಸ್ಸಿಗೆ ಹೊರಟೆ. ಆಧಾರ್ ಕಾರ್ಡ್ ನೋಡಿ ಶೂನ್ಯ ದರದ ಟಿಕೆಟ್ ಕೊಟ್ಟ ಕಂಡಕ್ಟರ್, ನನ್ನ ಚೀಲದಿಂದ ಇಣುಕುತ್ತಿದ್ದ ರಬ್ಬರ್ ಗೊಂಬೆಯನ್ನು ಕಂಡು, "ಈ ಕೂಸಿಗೂ ಟಿಕೆಟ್ ಹರೀಲೇನ್ರಿ?" ಎಂದು ನಕ್ಕ.

ನಾನು ಮಕ್ಕಳ ವಾರ್ಡಿನ ನರ್ಸ್. ಐದು ಊರಿನ ಆಸ್ಪತ್ರೆಗಳ ತುರ್ತು ಕೋಣೆಯಲ್ಲಿ ಮಕ್ಕಳಿಗಾಗಿ ಏನೇನು ಸಿದ್ಧವಿದೆ ಎಂದು ನೋಡಿ, ಅಲ್ಲಿಯ ಸಿಬ್ಬಂದಿಗೆ ಗೊಂಬೆಯ ಮೇಲೆ ಅಭ್ಯಾಸ ಮಾಡಿಸುವುದು ಎರಡು ದಿನದ ಕೆಲಸ. ಈ ಕೆಲಸವನ್ನು ನಾನೇ ಕೇಳಿ ಪಡೆದಿದ್ದೆ. ನೌಕರಿಯ ಮೊದಲ ವರ್ಷ, ದೂರದ ಒಂದು ಆಸ್ಪತ್ರೆಯಲ್ಲಿ, ಉಸಿರು ಕಟ್ಟಿದ ಹೆಣ್ಣುಮಗುವೊಂದು ನನ್ನ ಮುಂದಿತ್ತು. ಉಸಿರು ಕೊಡುವ ಪುಟ್ಟ ಮಾಸ್ಕ್ ಬೀರುವಿನಲ್ಲಿತ್ತು. ಬೀರುವಿನ ಕೀಲಿ ಯಾರದೋ ಜೇಬಿನಲ್ಲಿ ಮನೆಗೆ ಹೋಗಿತ್ತು. ಮಗು ಉಳಿಯಲಿಲ್ಲ.

ಕೂಡ್ಲಿಗಿಯಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. "ಒಂದು ವರ್ಷದ ಮಗುವಿನ ಮಾಸ್ಕ್ ಕೊಡಿ" ಎಂದು ಕೇಳಿ, ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸತೊಡಗಿದೆ. ಹತ್ತು ಎಣಿಸುವ ಮೊದಲೇ ಕೈಗೆ ಬಂತು. ಅಲ್ಲಿಂದ ಕೊಟ್ಟೂರಿಗೆ ಮುಕ್ಕಾಲು ಗಂಟೆಯ ದಾರಿ. ಗಾಳಿಗೆ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಕೊಟ್ಟೂರಿನ ಹಿರಿಯ ನರ್ಸ್ ನನಗೇ ಒಂದು ಪಾಠ ಹೇಳಿದರು: "ತಾಯಿನ್ನ ಹೊರಗ ಕಳಸಬ್ಯಾಡ್ರಿ. ಮಗುವಿನ ತಲಿ ಹತ್ರ ನಿಲ್ಲಸ್ರಿ. ಅರ್ಧ ಅಳು ಅಲ್ಲೇ ನಿಲ್ತೈತಿ." ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ತಿಂದು ಆಸ್ಪತ್ರೆಗೆ ಹೋದೆ. ಗಟ್ಟಿ ತೋಳಿನ ಅಟೆಂಡರ್ ಒಬ್ಬರು ಗೊಂಬೆಗೆ ಉಸಿರು ಕೊಡುವ ಚೀಲವನ್ನು ಜೋರಾಗಿ ಹಿಂಡಿದರು. "ಇಷ್ಟು ಪುಟ್ಟ ಎದೆಗೆ ಚೀಲವನ್ನು ಎರಡು ಬೆರಳಿನಿಂದ ಒತ್ತಿದರೆ ಸಾಕು" ಎಂದೆ. ಅವರು ಗೊಂಬೆಯ ಎದೆ ಮೆಲ್ಲಗೆ ಏರಿಳಿಯುವವರೆಗೂ ಬಿಡದೆ ಅಭ್ಯಾಸ ಮಾಡಿದರು. ಸಂಜೆ ಹಡಗಲಿ ತಲುಪಿದೆ. ಅಲ್ಲಿಯ ತರಬೇತಿ ಮರುದಿನ ಬೆಳಿಗ್ಗೆ ಮುಗಿಯಿತು. ಹೊರಡುವಾಗ ನರ್ಸ್ ಒಬ್ಬರು ನನಗೆ ಒಂದು ಮೊಳ ಮಲ್ಲಿಗೆ ಮುಡಿಸಿದರು.

ಹರಪನಹಳ್ಳಿಯಲ್ಲಿ ಗೊಂಬೆಯನ್ನು ಮಂಚದ ಮೇಲಿಟ್ಟು, ಬಣ್ಣದ ಅಳತೆಪಟ್ಟಿ ಬಿಚ್ಚಿದ್ದೆ. ಮಗುವಿನ ಉದ್ದದಿಂದ ತೂಕ ಅಂದಾಜಿಸುವ ಪಟ್ಟಿ ಅದು. ಮಕ್ಕಳಿಗೆ ಔಷಧಿ ಕೊಡುವುದು ತೂಕ ನೋಡಿಯೇ. ಅಷ್ಟರಲ್ಲಿ ಚಿಗಟೇರಿ ಕಡೆಯ ಕುರಿಗಾರರ ಅಜ್ಜಿಯೊಬ್ಬರು ಮೊಮ್ಮಗಳನ್ನು ಎತ್ತಿಕೊಂಡು ಓಡಿಬಂದರು. ಮಗುವಿನ ಮೈ ಕೆಂಡದಂತೆ ಸುಡುತ್ತಿತ್ತು, ಕೈಕಾಲು ಅದುರುತ್ತಿದ್ದವು. ಫಿಟ್ಸ್.

ಅಲ್ಲಿಯ ಸಿಸ್ಟರ್ ಮಂಜುಳಾ ಗೊಂಬೆಯನ್ನು ಸರಿಸಿ ಮಗುವನ್ನು ಮಗ್ಗುಲಾಗಿ ಮಲಗಿಸಿದರು, ಪುಟ್ಟ ಮಾಸ್ಕ್ ಹಿಡಿದರು. ನಾನು ಆಕ್ಸಿಜನ್ ತಿರುಗಿಸಿದೆ. "ತೂಕ ಎಷ್ಟು?" ಎಂದರು ಓಡಿಬಂದ ಡಾಕ್ಟರು.

"ಹನ್ನೊಂದು ಕೆಜಿ ಐತ್ರಿ" ಎಂದರು ಅಜ್ಜಿ, ಯಾರೂ ಅವರನ್ನು ಕೇಳದಿದ್ದರೂ.

ಮಂಜುಳಾ ಪಟ್ಟಿ ಹಾಸಿ ನೋಡಿದರು. ಮಗುವಿನ ಹಿಮ್ಮಡಿ ತಾಗಿದ ಬಣ್ಣದ ಮನೆಯಲ್ಲಿ ಹನ್ನೊಂದು ಎಂದೇ ಇತ್ತು. ಡಾಕ್ಟರು ಆ ತೂಕಕ್ಕೆ ಔಷಧಿ ಲೆಕ್ಕ ಹಾಕಿ ಕೊಟ್ಟರು. ನಾವೆಲ್ಲ ಮಗುವಿನ ಬೆರಳುಗಳನ್ನೇ ನೋಡುತ್ತ ನಿಂತೆವು. ಅದುರುವುದು ಮೊದಲು ಕಾಲಿನಲ್ಲಿ ನಿಂತಿತು, ಆಮೇಲೆ ಕೈಯಲ್ಲಿ. ಸ್ವಲ್ಪ ಹೊತ್ತಿಗೆ ಮಗು ಕಣ್ಣು ಬಿಟ್ಟು ಕಿರುಚಿ ಅತ್ತಿತು.

"ಅಳ್ಲಿ ಬಿಡ್ರಿ. ಈ ಅಳು ಕೇಳಾಕ ಕಾಯ್ತಿದ್ವಿ" ಎಂದು ಮಂಜುಳಾ ಸೆರಗಿನಿಂದ ಮುಖ ಒರೆಸಿಕೊಂಡರು.

ಮಧ್ಯಾಹ್ನ ಹೊರಡುವ ಮುನ್ನ ವಾರ್ಡಿಗೆ ಹೋದೆ. ಅಜ್ಜಿಯ ತೊಡೆಯ ಮೇಲೆ ಮಗು ನಿದ್ದೆ ತಿಳಿದು ಕೂತಿತ್ತು. "ತೂಕ ಹೆಂಗೆ ಗೊತ್ತಾಯ್ತಜ್ಜಿ?" ಎಂದು ಕೇಳಿದೆ.

"ಹುಟ್ಟಿದಾಗಿಂದ ಕುರಿಮರಿ ಎತ್ತಿದ ಕೈ ಇದು. ತಕ್ಕಡಿ ಯಾಕ ಬೇಕು?" ಎಂದು ಕೈಯನ್ನು ನನ್ನತ್ತ ಚಾಚಿದರು. "ಆ ಮಂಚದ ಮ್ಯಾಗಿನ ಗಂಡುಕೂಸು ಐತಲ್ಲ, ಅದನ್ನ ಎತ್ತಿ ತೂಕ ಹೇಳು ನೋಡಾಣ."

ಅದರ ತಾಯಿ ನಗುತ್ತ ಒಪ್ಪಿದಳು. ಕೂಸನ್ನು ಎತ್ತಿ, ಯೋಚಿಸಿ, "ಒಂಬತ್ತು" ಎಂದೆ. ಅಜ್ಜಿ ತಾವೂ ಒಮ್ಮೆ ಎತ್ತಿ, "ಹನ್ನೆರಡು" ಎಂದರು. ವಾರ್ಡಿನ ತಕ್ಕಡಿಯೂ ಹನ್ನೆರಡೇ ತೋರಿಸಿತು.

"ನೀನು ಸಂತ್ಯಾಗ ಕುರಿ ಕೊಳ್ಳಾಕ ಹೋಗಬ್ಯಾಡವ್ವ" ಎಂದು ಅಜ್ಜಿ ಬಾಯ್ತುಂಬ ನಕ್ಕರು. ಅವರ ನಗು ಕಂಡು ಮೊಮ್ಮಗಳೂ ನಕ್ಕಳು. ಆ ನಗು ಕೇಳುತ್ತಲೇ ನಾನು ಬಸ್ ನಿಲ್ದಾಣದ ಕಡೆ ನಡೆದೆ.