ಹಿತ್ತಲಿನ ಎಂಜಿನ್ ಹಿಡಿತ ತಪ್ಪಿದ ದಿನ

ಚಂಡಮಾರುತ ಗೋವಾದ ಕರಾವಳಿಯನ್ನು ಸವರಿಕೊಂಡು ಹೋಗುತ್ತದೆ ಎಂದು ಟೀವಿಯಲ್ಲಿ ಮೊದಲೇ ಹೇಳಿದ್ದರು. ನಾವು ಅದಕ್ಕೆ ತಯಾರಾಗಿದ್ದೆವು, ಅಥವಾ ಹಾಗೆಂದುಕೊಂಡಿದ್ದೆವು. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿದ್ದಾಗಿತ್ತು. ಕ್ಯಾನಿನ ತುಂಬ ಡೀಸೆಲ್ ತಂದಿಟ್ಟಿದ್ದೆವು. ಮಾವನವರ ಮಂಚದ ಪಕ್ಕದಲ್ಲಿ ಸಣ್ಣದೊಂದು ಆಕ್ಸಿಜನ್ ಸಿಲಿಂಡರ್ ನಿಲ್ಲಿಸಿದ್ದೆವು.

ಮಾವನವರಿಗೆ ಶ್ವಾಸಕೋಶದ ತೊಂದರೆ. ಧಾರವಾಡದ ಹತ್ತಿರದ ಊರಿನಲ್ಲಿ ಅವರದೊಂದು ಹಿಟ್ಟಿನ ಗಿರಣಿ ಇತ್ತು. ಜೀವಮಾನವಿಡೀ ಜೋಳ, ಗೋಧಿಯ ಧೂಳು ಕುಡಿದಿದ್ದರು. ಕೊನೆಗೆ ಕೋಣೆಯ ಗಾಳಿಯಿಂದಲೇ ಆಕ್ಸಿಜನ್ ಸೋಸಿ ಕೊಡುವ ಒಂದು ಮಶೀನು ಅವರ ತಲೆದಿಂಬಿನ ಬಳಿ ಬಂದು ಕೂತಿತು. ಮೂಗಿಗೆ ಸಣ್ಣ ನಳಿಕೆ. ಅದನ್ನು ತೆಗೆದು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅವರ ತುಟಿ ನೀಲಿಯಾಗುತ್ತಿತ್ತು. ಆ ಮಶೀನಿಗೆ ಕರೆಂಟು ಬೇಕು. ಇನ್ವರ್ಟರ್ ಕೆಲವೇ ಗಂಟೆ ಎಳೆಯುತ್ತಿತ್ತು, ಅಷ್ಟೇ.

ಅದಕ್ಕಾಗಿ ಹಿತ್ತಲಿನಲ್ಲಿ ಎಂಜಿನ್ ಇತ್ತು. ಅತ್ತೆ ತೀರಿಕೊಂಡು, ಗಿರಣಿ ಮುಚ್ಚಿ ಮಡಗಾಂವಿನ ಪಕ್ಕದ ಫಾತೋರ್ಡಾದ ನಮ್ಮ ಮನೆಗೆ ಬರುವಾಗ ಮಾವನವರು ಗಿರಣಿಯ ಎಂಜಿನ್ನನ್ನೂ ಲಾರಿಯಲ್ಲಿ ಹೇರಿಸಿಕೊಂಡು ಬಂದಿದ್ದರು. ಹಳೇ ಕಾಲದ ನಿಧಾನದ ಎಂಜಿನ್. ಈಗಿನ ಜನರೇಟರುಗಳಂತೆ ಒಂದೇ ಸಮ ಗುಂಯ್‌ಗುಡುವುದಿಲ್ಲ; ಡುಕ್, ಡುಕ್, ಡುಕ್ ಎಂದು ಒಂದೊಂದೇ ಏಟನ್ನು ಎಣಿಸಬಹುದು. ಎರಡು ಬದಿಗೂ ಬೀಡುಕಬ್ಬಿಣದ ದೊಡ್ಡ ಗಾಲಿಗಳು. ತಂಪಿಗೆ ಪಕ್ಕದಲ್ಲಿ ನೀರಿನ ಡ್ರಮ್ಮು. ನನ್ನ ಗಂಡ ಅದನ್ನು ತಗಡಿನ ಶೆಡ್ಡಿನೊಳಗೆ ಕಾಂಕ್ರೀಟ್ ಕಟ್ಟೆಯ ಮೇಲೆ ಬೋಲ್ಟ್ ಹಾಕಿ ಕೂರಿಸಿ, ಉದ್ದನೆಯ ಪಟ್ಟಾ ಹಾಕಿ, ಕರೆಂಟು ಹುಟ್ಟಿಸುವ ಅಲ್ಟರ್ನೇಟರ್‌ಗೆ ಜೋಡಿಸಿದ್ದರು.

ನನಗೆ ಅದು ಬೇಡವಾಗಿತ್ತು. ಪಕ್ಕದ ಮನೆಯವರಿಗಂತೂ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಗೋವಾದವರೇ, ಕೊಂಕಣಿ ಮಾತಿನ ಐವತ್ತು ದಾಟಿದ ಹೆಂಗಸು, ಒಬ್ಬರೇ ಇರುತ್ತಿದ್ದರು. ಹೊಗೆ ಅವರ ಒಣಹಾಕಿದ ಬಟ್ಟೆಗೆ ಬಡಿಯುತ್ತದೆ, ಮಧ್ಯಾಹ್ನದ ನಿದ್ದೆ ಹಾಳಾಗುತ್ತದೆ ಎಂದು ಎರಡು ಸಲ ಕಂಪೌಂಡಿನ ಆಚೆಯಿಂದ ಜಗಳವಾಡಿದ್ದರು. ಆಮೇಲೆ ನಮ್ಮ ನಡುವೆ ಮಾತು ಕಡಿಮೆಯಾಗಿತ್ತು.

ಆ ದಿನ ಗಂಡನಿಗೆ ವೆರ್ಣಾದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಕಂಪನಿ ಬಸ್ಸು ಬಂದಾಗ ಇನ್ನೂ ಜಿಟಿಜಿಟಿ ಮಳೆಯಷ್ಟೇ ಇತ್ತು. "ಮಧ್ಯಾಹ್ನ ಬಂದಬಿಡ್ತೇನಿ, ಅಷ್ಟ್ರಾಗ ಕರೆಂಟ್ ಹೋದ್ರ ಇನ್ವರ್ಟರ್ ಐತೆಲ್ಲ," ಎಂದು ಹೇಳಿ ಹೋದರು. ನನ್ನ ಆಫೀಸಿಗೆ ರಜೆ ಕೊಟ್ಟಿದ್ದರು. ಅವರು ಹೋಗಿ ಸ್ವಲ್ಪ ಹೊತ್ತಿಗೆ ಗಾಳಿ ಎದ್ದಿತು. ಎದುರಿನ ಮಾವಿನ ಮರದ ಕೊಂಬೆ ತಂತಿಯ ಮೇಲೆ ಬಿದ್ದು ನೀಲಿ ಬೆಳಕು ಚಿಮ್ಮಿತು. ಕರೆಂಟು ಹೋಯಿತು. ಅದರ ಹಿಂದೆಯೇ ಫೋನೂ ಸತ್ತಿತು.

ಮಧ್ಯಾಹ್ನ ಇನ್ವರ್ಟರ್ ಕಿರುಗುಟ್ಟಲು ಶುರುಮಾಡಿದಾಗ ಗಂಡ ಬಂದಿರಲಿಲ್ಲ. ರಸ್ತೆಯಲ್ಲಿ ಮರಗಳು ಅಡ್ಡ ಬಿದ್ದಿವೆ, ಬಸ್ಸು ಬರುವುದಿಲ್ಲ ಎಂದು ದಾರಿಹೋಕರೊಬ್ಬರು ಹೇಳಿಹೋದರು. ನಾನು ಒಳಗೆ ಬಂದು ಮಾವನವರಿಗೆ ಹೇಳಿದೆ. ಅವರು ನಳಿಕೆಯನ್ನು ಸರಿಮಾಡಿಕೊಂಡು ಕಿಟಕಿಯಾಚೆಗಿನ ಶೆಡ್ಡಿನ ಕಡೆ ನೋಡಿದರು.

"ನೀನ ಚಾಲೂ ಮಾಡ್ಬೇಕವಾ."

"ನನಗ ಬರೂದಿಲ್ರಿ ಮಾವಾರ. ನಾ ಬರೇ ಲಿವರ್ ಬಿಡ್ತಿದ್ದೆ. ಹ್ಯಾಂಡಲ್ ಅವ್ರ ತಿರುಗಸ್ತಿದ್ರು."

"ಹಂಗಾರ ಯಾರನ್ನರ ಕರಕೊಂಡ್ ಬಾ."

ಅದನ್ನು ಒಬ್ಬರೇ ಚಾಲೂ ಮಾಡುವುದು ಕಷ್ಟ. ಒಬ್ಬರು ಹ್ಯಾಂಡಲ್ ಹಾಕಿ ಗಾಲಿಯನ್ನು ಸುತ್ತಿಸಿ ಸುತ್ತಿಸಿ ವೇಗ ಬರಿಸಬೇಕು. ಇನ್ನೊಬ್ಬರು ಸರಿಯಾದ ಕ್ಷಣಕ್ಕೆ ಮೇಲಿನ ಲಿವರ್ ಕೆಳಗೆ ಬಿಡಬೇಕು. ತಡವಾದರೆ ಗಾಲಿ ನಿಂತುಬಿಡುತ್ತದೆ. ಅವಸರ ಮಾಡಿದರೆ ಹ್ಯಾಂಡಲ್ ತಿರುಗಿ ಒದೆಯುತ್ತದೆ, ಕೈ ಮುರಿಯುತ್ತದೆ. ನಾನು ಕಂಪೌಂಡಿನ ಬಳಿ ಹೋಗಿ ಮಳೆಯಲ್ಲಿ ನಿಂತು ಪಕ್ಕದ ಮನೆಯವರನ್ನು ಕೂಗಿದೆ. ಮೂರನೇ ಕೂಗಿಗೆ ಬಾಗಿಲು ತೆರೆಯಿತು.

"ಕಿತೆಂ ಜಾಲೆಂ ಗೋ?" ಏನಾಯಿತು ಎಂದರು.

ಅರ್ಧ ಹಿಂದಿ, ಅರ್ಧ ಕೊಂಕಣಿಯಲ್ಲಿ ಹೇಳಿದೆ. ಅವರು ಎಂಜಿನ್ನಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನೈಟಿಯ ಮೇಲೆ ರೇನ್‌ಕೋಟ್ ಹಾಕಿಕೊಂಡು, ಗೇಟು ಸುತ್ತಿ ಬಂದು, ಶೆಡ್ಡಿನಲ್ಲಿ ಹ್ಯಾಂಡಲ್ ಎತ್ತಿಕೊಂಡರು. ಬಾವಿಯಿಂದ ನೀರು ಸೇದಿ ಬಲಿತ ತೋಳುಗಳು. ಮಾವನವರು ಕಿಟಕಿಯ ಸರಳು ಹಿಡಿದು ಕೂತು ಹೇಳುತ್ತಿದ್ದರು: "ಹಗೂರ್ಕ... ಹಗೂರ್ಕ... ಈಗ ಜೋರ... ಬಿಡವಾ!"

ಮೊದಲನೇ ಸಲ ನಾನು ತಡಮಾಡಿದೆ. ಎರಡನೇ ಸಲ ಒಂದು ಏಟು ಹೊಡೆದು ಸತ್ತಿತು. ಅಷ್ಟರಲ್ಲಿ ಇನ್ವರ್ಟರ್ ಪೂರ್ತಿ ನಿಂತು, ಒಳಗೆ ಆಕ್ಸಿಜನ್ ಮಶೀನು ಉದ್ದಕ್ಕೆ ಕೂಗತೊಡಗಿತು. ಆ ಕೂಗು ಕೇಳುತ್ತಲೇ ಮತ್ತೆ ತಿರುಗಿಸಿದೆವು. ಈ ಸಲ ಹಿಡಿಯಿತು. ಡುಕ್, ಡುಕ್, ಡುಕ್. ನಾನು ಓಡಿಹೋಗಿ ಹಿಂಬಾಗಿಲ ಬಳಿಯ ದೊಡ್ಡ ಸ್ವಿಚ್ಚನ್ನು ಎಂಜಿನ್ನಿನ ಕಡೆಗೆ ಹಾಕಿದೆ. ಮಶೀನು ಕೂಗು ನಿಲ್ಲಿಸಿ ಉಸಿರಾಡಲು ಶುರುಮಾಡಿತು. ಮಾವನವರು ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ನಾನು ಚಹಾಕ್ಕೆ ನೀರಿಟ್ಟೆ. ಪಕ್ಕದ ಮನೆಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೂದಲು ಹಿಂಡಿಕೊಳ್ಳುತ್ತಿದ್ದರು.

ಚಹಾ ಕುದಿಯುವಷ್ಟರಲ್ಲಿ ಏನೋ ಬದಲಾಯಿತು. ಏನೆಂದು ಮೊದಲು ತಿಳಿಯಲಿಲ್ಲ. ಮಳೆ ಜೋರಾಯಿತೇನೋ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಏಟುಗಳು ಹತ್ತಿರ ಹತ್ತಿರ ಬರುತ್ತಿವೆ. ಡುಕ್‌ಡುಕ್‌ಡುಕ್ ಎಂದು ಒಂದಕ್ಕೊಂದು ಅಂಟಿಕೊಳ್ಳುತ್ತಿವೆ. ಅಡಿಗೆಮನೆಯ ಬಲ್ಬು ಹಳದಿಯಿಂದ ಬೆಳ್ಳಗಾಗಿ, ನೋಡಲಾಗದಷ್ಟು ಬೆಳ್ಳಗಾಯಿತು. ಆಕ್ಸಿಜನ್ ಮಶೀನು ಸುಟ್ಟರೆ ಕಥೆ ಮುಗಿಯಿತು ಎಂಬುದೊಂದೇ ಹೊಳೆದದ್ದು. ಹಾರಿ ಸ್ವಿಚ್ಚು ಕೆಳಗೆಳೆದೆ.

ಅದರಿಂದ ಎಂಜಿನ್ನಿಗೆ ಇದ್ದ ಅಷ್ಟಿಷ್ಟು ಭಾರವೂ ಹೋಯಿತು. ಅದು ಇನ್ನೂ ಓಡತೊಡಗಿತು.

ಹಿತ್ತಲಿಗೆ ಬಂದರೆ ಶೆಡ್ಡಿನ ತುಂಬ ಕಪ್ಪು ಹೊಗೆ. ಗಾಲಿಗಳು ಗಾಲಿಗಳಂತೆ ಕಾಣುತ್ತಿರಲಿಲ್ಲ, ನಡುಗುವ ಎರಡು ತಟ್ಟೆಗಳಂತೆ ಕಾಣುತ್ತಿದ್ದವು. ಪಟ್ಟಾ ಚಟಚಟ ಬಡಿಯುತ್ತಿತ್ತು. ಡ್ರಮ್ಮಿನ ನೀರು ತುಳುಕಿ ಹೊರಗೆ ಚೆಲ್ಲುತ್ತಿತ್ತು. ಕಟ್ಟೆಯ ಬೋಲ್ಟುಗಳ ಬಳಿ ಸಿಮೆಂಟು ಪುಡಿಯಾಗಿ ಏಳುತ್ತಿತ್ತು. ಗಂಡ ಯಾವಾಗಲೂ ಎಂಜಿನ್ನಿಗೆ ಡೀಸೆಲ್ ಅಳೆದು ಬಿಡುವ ಪಂಪಿನ ಬಳಿಯ ಒಂದು ಕಡ್ಡಿ ಎಳೆದು ನಿಲ್ಲಿಸುತ್ತಿದ್ದರು. ನಾನು ಅದನ್ನು ಎಳೆದೆ; ಅದು ಅಲ್ಲಾಡಲಿಲ್ಲ. ಡೀಸೆಲ್ ಟಾಕಿಯ ನಲ್ಲಿಯನ್ನು ತಿರುಗಿಸಿ ಮುಚ್ಚಿದೆ. ಆದರೂ ಅದು ಓಡುತ್ತಲೇ ಇತ್ತು, ಪೈಪಿನಲ್ಲಿ ಉಳಿದ ಎಣ್ಣೆ ಅದಕ್ಕೆ ಸಾಕಾಗಿತ್ತು. ಆ ಗಾಲಿಗಳಲ್ಲಿ ಒಂದು ಕಿತ್ತು ಬಂದರೆ ಗೋಡೆ ದಾಟಿ ಮಾವನವರ ಕೋಣೆಗೇ ನುಗ್ಗುತ್ತದೆ ಎಂದು ನನಗೆ ಕಾಣುತ್ತಿತ್ತು.

ತಿರುಗಿ ನೋಡಿದರೆ ಮಾವನವರು ಹಿಂಬಾಗಿಲಲ್ಲಿ ನಿಂತಿದ್ದರು. ಮೂಗಿನಲ್ಲಿ ನಳಿಕೆ ಇಲ್ಲ. ಒಂದು ಕೈ ಚೌಕಟ್ಟಿನ ಮೇಲೆ. ಇನ್ನೊಂದು ಕೈಯ ಅಂಗೈಯನ್ನು ತಮ್ಮ ಬಾಯಿ ಮೂಗಿನ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದಿದ್ದರು.

ಉಸಿರು ಕಟ್ಟಿದೆ ಎಂದು ತಿಳಿದು ನಾನು ಎಂಜಿನ್ ಬಿಟ್ಟು ಅವರ ಕಡೆ ಓಡಿದೆ. ಅವರು ನನ್ನನ್ನು ತಳ್ಳಿದರು. ಸಿಟ್ಟಿನಿಂದ ತಳ್ಳಿದರು. ಏನೋ ಕೂಗಿದರು, ಆ ಗದ್ದಲದಲ್ಲಿ ತುಟಿ ಅಲುಗಿದ್ದಷ್ಟೇ ಕಂಡಿತು. ಮತ್ತೆ ಅಂಗೈಯನ್ನು ಬಾಯಿಗೆ ಒತ್ತಿದರು, ತೆಗೆದು ಎಂಜಿನ್ನಿನ ಕಡೆ ತೋರಿಸಿದರು, ಮತ್ತೆ ಒತ್ತಿದರು. ಎಂಜಿನ್ನಿನ ಬಾಯಿ. ಅದು ಗಾಳಿ ಎಳೆದುಕೊಳ್ಳುವ ಬಾಯಿ. ಅದನ್ನು ಮುಚ್ಚು ಎನ್ನುತ್ತಿದ್ದಾರೆ.

ನಾನು ಸೆರಗು ಸುತ್ತಿ ಅದಕ್ಕೆ ಒತ್ತಲು ಹೋದೆ. ಮಾವನವರು ಎರಡೂ ಕೈಯಾಡಿಸಿ ಬೇಡ ಬೇಡ ಎಂದರು. ಬಟ್ಟೆಯಾದರೆ ಅದು ಒಳಗೆಳೆದುಕೊಂಡುಬಿಡುತ್ತಿತ್ತು. ಪಕ್ಕದ ಮನೆಯವರಿಗೆ ಅರ್ಥವಾಗಿರಬೇಕು. ಅವರು ಅಡಿಗೆಮನೆಗೆ ನುಗ್ಗಿ ಚಪಾತಿ ಲಟ್ಟಿಸುವ ಮಣೆ ತಂದು ನನ್ನ ಕೈಗಿಟ್ಟರು. ಹೊಗೆಯಲ್ಲಿ ಕಣ್ಣು ಬಿಡಲಾಗದೆ, ಗಾಲಿಗೆ ಸೆರಗು ಸಿಗದಂತೆ ಸೊಂಟಕ್ಕೆ ಬಿಗಿದು, ಪಕ್ಕದಿಂದ ಬಗ್ಗಿ, ಗಾಳಿ ಎಳೆಯುವ ಆ ಪೈಪಿನ ಬಾಯಿಗೆ ಮಣೆ ಒತ್ತಿದೆ. ಒತ್ತುವುದೇ ಬೇಕಾಗಲಿಲ್ಲ. ಅದು ನನ್ನ ಕೈಯಿಂದ ಮಣೆಯನ್ನು ಕಿತ್ತುಕೊಂಡಂತೆ ಎಳೆದುಕೊಂಡಿತು. ಎಂಜಿನ್ ಒಮ್ಮೆ ಗೊರಗೊರ ಎಂದಿತು, ಕೆಮ್ಮಿತು, ಮತ್ತೆ ಓಡಲು ನೋಡಿತು. ನಾನು ಮಣೆಯ ಮೇಲೆ ಮೈಭಾರ ಬಿಟ್ಟೆ. ಏಟುಗಳು ಬಿಡಿಬಿಡಿಯಾದವು. ಗಾಲಿಗಳು ಮತ್ತೆ ಗಾಲಿಗಳಾಗಿ ಕಂಡವು. ನಿಂತಿತು.

ಮಳೆಯ ಸದ್ದು ಒಮ್ಮೆಲೇ ಕೇಳಿಸಿತು. ಅದರ ಜೊತೆಗೆ, ಬಾಗಿಲ ಬಳಿ ಏನೋ ಜಾರಿ ಬಿದ್ದ ಸದ್ದು.

ನಾವಿಬ್ಬರೂ ಮಾವನವರನ್ನು ಎತ್ತಿ, ಅರ್ಧ ಎಳೆದು, ಮಂಚಕ್ಕೆ ತಂದೆವು. ಉಗುರುಗಳೆಲ್ಲ ಕಪ್ಪುಗಟ್ಟಿದ್ದವು. ಸಿಲಿಂಡರಿನ ತಿರುಪು ತಿರುಗಿಸುವಾಗ ನನ್ನ ಕೈ ಎಣ್ಣೆಯಿಂದ ಜಾರುತ್ತಿತ್ತು. ಪಕ್ಕದ ಮನೆಯವರು ನನ್ನನ್ನು ಸರಿಸಿ, ಕೈಯನ್ನು ನೈಟಿಗೆ ಒರೆಸಿಕೊಂಡು, ತಾವೇ ತಿರುಗಿಸಿದರು. ಆಕ್ಸಿಜನ್ ಬಂತು. ಆದರೆ ಅಳತೆಯ ಮುಳ್ಳು ಕೆಂಪು ಪಟ್ಟಿಯ ಹತ್ತಿರವೇ ಇತ್ತು. ಸಿಲಿಂಡರ್ ಆಸ್ಪತ್ರೆಗೆ ಹೋಗುವ ದಾರಿಗೆಂದು ಇಟ್ಟದ್ದು, ಸಂಜೆತನಕ ಬರುವಂಥದ್ದಲ್ಲ. ಆಂಬ್ಯುಲೆನ್ಸ್ ಕರೆಯಲು ಫೋನಿಲ್ಲ. ಕರೆದರೂ ರಸ್ತೆಯಿಲ್ಲ.

ಸ್ವಲ್ಪ ಹೊತ್ತಿಗೆ ಮಾವನವರು ಕಣ್ಣು ಬಿಟ್ಟರು. "ಕಡ್ಡಿ," ಎಂದರು.

"ಮಾತಾಡಬ್ಯಾಡ್ರಿ ಮಾವಾರ."

"ಪಂಪಿನ ಕಡ್ಡಿ... ಜಂಗ ಹಿಡದೈತಿ. ಉಪ್ಪಿನ ಹವಾ ಇದು. ಸಿಕ್ಕೊಂಡೈತಿ." ಉಸಿರು ಎಳೆದುಕೊಂಡರು. "ಬಿಡಿಸು. ಹೊಳ್ಳಿ ಚಾಲೂ ಮಾಡು."

ನಾನು ಇಲ್ಲ ಎಂದೆ. ಬಾಯಿಬಿಟ್ಟೇ ಹೇಳಿದೆ: "ಅದನ್ನ ಹೊಳ್ಳಿ ಮುಟ್ಟೂದಿಲ್ರಿ ನಾ." ಅವರು ಸಿಲಿಂಡರಿನ ಮುಳ್ಳಿನ ಕಡೆ ನೋಡಿದರು, ನನ್ನ ಕಡೆ ನೋಡಿದರು.

ಶೆಡ್ಡಿಗೆ ಹೋದೆ. ಎಂಜಿನ್ ಬಿಸಿಯಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಆ ಕಡ್ಡಿಯ ಸುತ್ತ ತುಕ್ಕಿನ ಕಂದು ಪುಡಿ ಕಟ್ಟಿತ್ತು. ಸೀಮೆಎಣ್ಣೆ ಇರಲಿಲ್ಲ, ಡೀಸೆಲನ್ನೇ ಹನಿಹನಿಯಾಗಿ ಬಿಟ್ಟೆ, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ, ಬೋಲ್ಟ್ ತಿರುಗಿಸುವ ಪಾನಾದಿಂದ ಮೆಲ್ಲಗೆ ತಟ್ಟಿದೆ. ಎಷ್ಟು ಹೊತ್ತು ತಟ್ಟಿದೆನೋ ತಿಳಿಯದು. ಒಮ್ಮೆ ಅದು ಕೂದಲೆಳೆಯಷ್ಟು ಅಲುಗಿತು. ಆಮೇಲೆ ಹಿಂದೆ ಮುಂದೆ ಸಲೀಸಾಗಿ ಆಡತೊಡಗಿತು. ಡೀಸೆಲಿನ ನಲ್ಲಿ ಮತ್ತೆ ತೆರೆದೆ.

ಪಕ್ಕದ ಮನೆಯವರು ಹ್ಯಾಂಡಲ್ ಹಿಡಿದರು. ಮಣೆಯನ್ನು ಕಂಕುಳಲ್ಲಿ ಇರುಕಿಸಿಕೊಂಡಿದ್ದರು. "ಭಿಯೆನಾಕಾ," ಹೆದರಬೇಡ, ಎಂದರು.

ಒಂದೇ ಸಲಕ್ಕೆ ಹಿಡಿಯಿತು. ಡುಕ್. ಡುಕ್. ಡುಕ್. ನಾವು ಉಸಿರು ಬಿಗಿಹಿಡಿದು ಕೇಳುತ್ತ ನಿಂತೆವು. ಹತ್ತಿರ ಬರುತ್ತಿವೆಯೇ? ಇಲ್ಲ. ಅದೇ ಅಂತರ, ಅದೇ ಅಂತರ. ಆದರೂ ಸ್ವಿಚ್ಚು ಹಾಕಲು ನನಗೆ ಧೈರ್ಯ ಬರಲು ಬಹಳ ಹೊತ್ತು ಹಿಡಿಯಿತು. ಹಾಕಿದಾಗ ಬಲ್ಬು ಹಳದಿಯಾಗಿಯೇ ಉರಿಯಿತು. ಮಶೀನು ಉಸಿರಾಡಿತು. ಸಿಲಿಂಡರ್ ಬಂದ್ ಮಾಡಿದೆ.

ನಾನು ಮಾವನವರ ಬಳಿ ಕೂತೆ. ಪಕ್ಕದ ಮನೆಯವರು ಒಳಗೆ ಬರಲಿಲ್ಲ. ಕರೆದರೂ ಬರಲಿಲ್ಲ. ಎಂಜಿನ್ನಿನ ಬಾಯಿಯ ಎದುರು ಸ್ಟೂಲು ಹಾಕಿಕೊಂಡು, ಮಣೆ ತೊಡೆಯ ಮೇಲಿಟ್ಟುಕೊಂಡು ಕೂತರು. ಚಹಾವನ್ನು ಅಲ್ಲಿಗೇ ಕೊಟ್ಟೆ. ಕತ್ತಲಾಗುವ ಮುಂಚೆ, ವೆರ್ಣಾದಿಂದ ನಡೆದುಕೊಂಡೇ ಬಂದ ಗಂಡ, ಮೈಯೆಲ್ಲ ಕೆಸರಾಗಿ ಹಿತ್ತಲಿಗೆ ಬಂದು ನೋಡಿದ್ದು ಅದನ್ನೇ: ಜಗಳದ ನೆರೆಯವರು ಚಪಾತಿ ಮಣೆ ಹಿಡಿದು ನಮ್ಮ ಎಂಜಿನ್ ಕಾಯುತ್ತಿದ್ದದ್ದನ್ನು. ನಾನು ಹೇಳಲು ಹೋಗಿ ಅತ್ತುಬಿಟ್ಟೆ.

ಕರೆಂಟು ಬರಲು ಇನ್ನೂ ಕೆಲವು ದಿನ ಹಿಡಿಯಿತು. ಅಷ್ಟೂ ದಿನ ಎಂಜಿನ್ ಓಡಿತು, ಮಧ್ಯೆ ಮಧ್ಯೆ ಇನ್ವರ್ಟರ್ ಮೇಲೆ ಬಿಟ್ಟು ತಂಪು ಮಾಡಿದೆವು. ಗಂಡ ಅದರ ಬಾಯಿಗೆ, ಬೇಕಾದಾಗ ಎಳೆದು ಮುಚ್ಚುವಂಥ ಕಬ್ಬಿಣದ ಮುಚ್ಚಳವೊಂದನ್ನು ಬೆಸುಗೆ ಹಾಕಿಸಿದರು. ನಾನು ಏನೇ ಕೆಲಸ ಮಾಡುತ್ತಿದ್ದರೂ ನನ್ನ ಒಂದು ಕಿವಿ ಮಾತ್ರ ಏಟುಗಳ ನಡುವಿನ ಅಂತರದ ಮೇಲೆಯೇ ಇರುತ್ತಿತ್ತು.

ಒಂದು ಸಂಜೆ ಮಾವನವರು ಗಂಜಿ ಕುಡಿಯುತ್ತ ಹೇಳಿದರು: "ನಾ ಬಾಯಿ ಮುಚ್ಚಿ ತೋರಿಸಿದ್ರ ಎಂಜಿನ್ ಬಿಟ್ಟು ನನ್ನ ಕಡೆ ಓಡಿ ಬಂದಿ ನೋಡು."

"ನಿಮಗ ಉಸಿರು ಸಿಗವಲ್ದು ಅಂತ ತಿಳಕೊಂಡ್ನಿರಿ."

"ಸಿಗಾಕತ್ತಿರಲಿಲ್ಲ, ಅದೂ ಖರೇನ," ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಅಂದರು, "ಭಾಳ ಅಂಜಿದ್ದೆವಾ. ಗಿರಣ್ಯಾಗ ಇಷ್ಟ ವರ್ಷ ಇದ್ರೂ ಒಮ್ಮಿನೂ ಹಂಗ ಓಡಿದ್ದಿಲ್ಲ ಅದು."

ಮಾವನವರು ಆ ಮಳೆಗಾಲ ದಾಟಿದರು. ಚಳಿಗಾಲದಲ್ಲಿ ಕಫ ಕಟ್ಟಿ ಮಡಗಾಂವಿನ ಆಸ್ಪತ್ರೆಗೆ ಸೇರಿದವರು ಹಿಂದಿರುಗಲಿಲ್ಲ. ಎಂಜಿನ್ನನ್ನು ಕೊಬ್ಬರಿ ಎಣ್ಣೆ ತೆಗೆಯುವವರೊಬ್ಬರು ಕೊಂಡರು. ಅವರು ಅದನ್ನು ಟೆಂಪೋಗೆ ಏರಿಸುವಾಗ ಪಕ್ಕದ ಮನೆಯವರು ಕಂಪೌಂಡಿನ ಬಳಿ ಬಂದು ನಿಂತರು.

"ಇನ್ನು ಕರೆಂಟು ಹೋದರೆ ಏನು ಮಾಡುತ್ತೀ?" ಎಂದು ಕೊಂಕಣಿಯಲ್ಲಿ ಕೇಳಿದರು.

ಮೇಣದಬತ್ತಿ ಹಚ್ಚಿಕೊಂಡು ಕೂತರಾಯಿತು ಎಂದೆ. ಈಗ ಕರೆಂಟು ಹೋದರೆ ಈ ಮನೆಯಲ್ಲಿ ಯಾರಿಗೂ ಏನೂ ಆಗುವುದಿಲ್ಲ ಎಂಬುದು ಹೇಳಿದ ಮೇಲೆ ನನಗೇ ತಟ್ಟಿತು. ಅವರಿಗೂ ತಟ್ಟಿರಬೇಕು. ಟೆಂಪೋ ತಿರುವು ದಾಟುವ ತನಕ ಇಬ್ಬರೂ ಅಲ್ಲೇ ನಿಂತಿದ್ದೆವು.